ಎಪ್ಪತ್ತು ವರ್ಷದ ಪತ್ರ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುತ್ತಾ ಬಂದಾಗ ನಮ್ಮ ಅನೇಕ ಸಭೆಗಳಲ್ಲಿ ಒಂದು ತಟ್ಟೆ ಹೊರಬರುತ್ತದೆ. ಅದರ ತುಂಬ ಬೋರಲು ಹಾಕಿದ ಪುಟ್ಟ ಕಾರ್ಡುಗಳು. ಎಳೆಯರು, ಮುದುಕರು, ವರ್ಷಕ್ಕೊಂದೇ ಸಲ ಚರ್ಚಿನ ಮೆಟ್ಟಿಲು ಹತ್ತುವವರು, ಎಲ್ಲರೂ ಸಾಲಾಗಿ ಬಂದು ಕಣ್ಣು ಮುಚ್ಚಿ ಒಳಗೊಳಗೇ ಪ್ರಾರ್ಥಿಸಿ ಒಂದನ್ನು ಎತ್ತಿಕೊಳ್ಳುತ್ತಾರೆ. ತಿರುಗಿಸಿ ನೋಡಿದರೆ ಹೂವಿನ ಚಿತ್ರದ ಪಕ್ಕದಲ್ಲಿ ಸತ್ಯವೇದದ ಒಂದು ವಚನ. ಅದು ಆ ವರ್ಷದ ವಾಗ್ದಾನ. ಹನ್ನೆರಡು ಹೊಡೆದು ಎಲ್ಲರೂ ಕೈಕುಲುಕುವಾಗ ಹೊಸ ವರ್ಷದ ಶುಭಾಶಯದ ಬೆನ್ನಿಗೇ ಬರುವ ಪ್ರಶ್ನೆ, 'ನಿಮಗೆ ಯಾವ ವಾಗ್ದಾನ ಬಂತು?'

ಕೆಲವು ವರ್ಷಗಳ ಹಿಂದೆ ನನ್ನ ಚಿಕ್ಕಮ್ಮನಿಗೆ ಬಂದದ್ದು ಯೆರೆಮೀಯ 29:11. ದೇವರು ತನ್ನ ಜನರ ವಿಷಯದಲ್ಲಿ ಇಟ್ಟುಕೊಂಡಿರುವ ಯೋಚನೆ ಕೇಡಿನದಲ್ಲ, ಒಳಿತಿನದು. ಅವರು ಎದುರುನೋಡಬಹುದಾದ ನಾಳೆಯೊಂದಿದೆ ಎಂಬ ಅರ್ಥದ ವಚನ ಅದು. ಚಿಕ್ಕಪ್ಪನಿಗೆ ಆಗ ವಾರಕ್ಕೆರಡು ಸಲ ಡಯಾಲಿಸಿಸ್. ಚಿಕ್ಕಮ್ಮ ಆ ಕಾರ್ಡನ್ನು ಔಷಧಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದಳು, ಪ್ರತಿ ಸಲ ಮಾತ್ರೆ ತೆಗೆಯುವಾಗ ಕಣ್ಣಿಗೆ ಬೀಳಲಿ ಎಂದು. ಆಗಸ್ಟ್ ತಿಂಗಳಲ್ಲಿ ಚಿಕ್ಕಪ್ಪ ತೀರಿಕೊಂಡರು. ಮಣ್ಣು ಮಾಡಿದ ಮೂರನೆಯ ದಿನ ಮನೆಗೆ ಬಂದಿದ್ದ ಹಿರಿಯರೊಬ್ಬರು ಸಮಾಧಾನ ಹೇಳುತ್ತಾ, 'ವಾಗ್ದಾನವನ್ನ ಪೂರ್ಣ ವಿಶ್ವಾಸದಿಂದ ಹಿಡ್ಕೊಂಡಿದ್ದಿದ್ರೆ...' ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧ ಮಾತನ್ನು ಚಿಕ್ಕಮ್ಮ ಎರಡು ವರ್ಷ ಎದೆಯಲ್ಲಿ ಹೊತ್ತಳು.

ಆ ಹಿರಿಯರು ಕೆಟ್ಟವರಲ್ಲ. ನಮ್ಮಲ್ಲಿ ಬಹಳ ಮಂದಿ ಮನಸಾರೆ ನಂಬಿರುವುದನ್ನೇ ಅವರು ಹೇಳಿದರು. ಆ ನಂಬಿಕೆಯನ್ನು ನ್ಯಾಯವಾಗಿ ಹೇಳುವುದಾದರೆ ಹೀಗೆ: ಸತ್ಯವೇದ ದೇವರು ಇವತ್ತು ನನಗೆ ಆಡುವ ಮಾತು. ಕಣ್ಣಿಗೆ ಬಿದ್ದ ವಚನ ನನ್ನ ಬದುಕಿಗೆ ನೇರವಾಗಿ ಸಲ್ಲುತ್ತದೆ. ಅದನ್ನು ಯಾರು, ಯಾರಿಗೆ, ಯಾವ ಸಂಕಟದಲ್ಲಿ ಬರೆದರು ಎಂದು ಕೆದಕುವುದು ದೇವಶಾಸ್ತ್ರದ ಕಾಲೇಜಿನವರ ಕೆಲಸ, ಸಾಮಾನ್ಯ ವಿಶ್ವಾಸಿಗೆ ಬೇಕಾದದ್ದು ಅನ್ವಯ ಮಾತ್ರ. ಹೆಚ್ಚು ಓದಿದರೆ ತಲೆ ತುಂಬುತ್ತದೆ, ಎದೆ ಬರಿದಾಗುತ್ತದೆ.

ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಸತ್ಯವೇದ ನಮ್ಮ ದಿನದಿನದ ಬದುಕನ್ನು ಮುಟ್ಟದಂತೆ ಅಡ್ಡ ನಿಂತಿರುವುದು ಈ ಅವಸರದ ಅನ್ವಯವೇ ಎಂದು ನನಗೆ ಅನ್ನಿಸಿದೆ. ಅದಕ್ಕೆ ಸಾಕ್ಷಿ ಚಿಕ್ಕಮ್ಮನಿಗೆ ಬಂದ ಅದೇ ವಚನ.

ಯೆರೆಮೀಯನ 29ನೆಯ ಅಧ್ಯಾಯ ಒಂದು ಪತ್ರ. ಕ್ರಿಸ್ತಪೂರ್ವ 597ರಲ್ಲಿ ನೆಬೂಕದ್ನೆಚ್ಚರ ಯೆರೂಸಲೇಮನ್ನು ಮಣಿಸಿ ಅರಸನಾದ ಯೆಕೊನ್ಯನನ್ನು, ರಾಜಮಾತೆಯನ್ನು, ಅಧಿಕಾರಿಗಳನ್ನು, ಕಮ್ಮಾರ ಬಡಗಿಗಳನ್ನು ಬಾಬೆಲಿಗೆ ಸೆರೆ ಒಯ್ದ. ಉಳಿದವರ ಮೇಲೆ ಚಿದ್ಕೀಯನನ್ನು ಕೂರಿಸಿದ. ಊರಿನಲ್ಲೇ ಉಳಿದ ಯೆರೆಮೀಯ ಅಲ್ಲಿ ಸೆರೆಯಲ್ಲಿದ್ದವರಿಗೆ ಬರೆದ ಕಾಗದವಿದು. ಚಿದ್ಕೀಯನ ರಾಯಭಾರಿಗಳಾಗಿ ಬಾಬೆಲಿಗೆ ಹೊರಟಿದ್ದ ಶಾಫಾನನ ಮಗ ಎಲ್ಲಾಸ, ಹಿಲ್ಕೀಯನ ಮಗ ಗೆಮರ್ಯ ಇದನ್ನು ಹೊತ್ತು ಹೋದರು. ಕಾಗದ ಒಯ್ದವರ ಹೆಸರು ಅಪ್ಪಂದಿರ ಹೆಸರಿನ ಸಮೇತ ಉಳಿದಿದೆ. ನಮ್ಮ ಕಾರ್ಡಿನಲ್ಲಿ ಅವರಿಗೆ ಜಾಗವಿಲ್ಲ.

ಪತ್ರ ಆರಂಭವಾಗುವುದು ಸಾಂತ್ವನದಿಂದ ಅಲ್ಲ, ಕೆಲಸಗಳಿಂದ. ಮನೆ ಕಟ್ಟಿಕೊಂಡು ವಾಸಮಾಡಿ. ತೋಟ ಹಾಕಿ ಅದರ ಫಲ ಉಣ್ಣಿ. ಮದುವೆಯಾಗಿ, ಮಕ್ಕಳನ್ನು ಹೆರಿ, ಆ ಮಕ್ಕಳಿಗೂ ಮದುವೆ ಮಾಡಿ. ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮವನ್ನು ಹುಡುಕಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ಇದು ಐದರಿಂದ ಏಳನೆಯ ವಚನದವರೆಗಿನ ಸಾರ. ಎಂಟು ಮತ್ತು ಒಂಬತ್ತರಲ್ಲಿ ಎಚ್ಚರಿಕೆ: ನಿಮ್ಮ ನಡುವಿನ ಪ್ರವಾದಿಗಳು ಹೇಳುವ ಸಿಹಿಮಾತಿಗೆ ಮೋಸಹೋಗಬೇಡಿ. ಹತ್ತರಲ್ಲಿ ಲೆಕ್ಕ: ಎಪ್ಪತ್ತು ವರ್ಷ. ಹನ್ನೊಂದನೆಯ ವಚನ ಬರುವುದು ಇಷ್ಟೆಲ್ಲ ಆದಮೇಲೆ.

ಎಪ್ಪತ್ತು ವರ್ಷ ಎಂಬುದನ್ನು ಆ ದಿನ ಕಾಗದ ಕೇಳಿಸಿಕೊಂಡವರ ಕಿವಿಯಿಂದ ಕೇಳಬೇಕು. ನಲವತ್ತರ ಕಮ್ಮಾರನೊಬ್ಬ ಕೇಳುತ್ತಿದ್ದಾನೆಂದುಕೊಳ್ಳಿ. ಅವನು ಊರಿಗೆ ಮರಳುವುದಿಲ್ಲ. ಅವನ ಮಗ ಮರಳಿದರೂ ಹಣ್ಣು ಮುದುಕನಾಗಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಯೆರೂಸಲೇಮಿನ ದೇವಾಲಯವೇ ಸುಟ್ಟುಹೋಯಿತು ಎಂಬ ಸುದ್ದಿಯನ್ನೂ ಅವನು ಕೇಳಲಿದ್ದಾನೆ. ಪಾರಸಿಯ ಅರಸ ಕೋರೆಷ ಬಾಬೆಲನ್ನು ಗೆದ್ದದ್ದು ಕ್ರಿಸ್ತಪೂರ್ವ 539ರಲ್ಲಿ. ಮರಳುವ ದಾರಿ ತೆರೆದದ್ದು ಅದರ ಮಾರನೆಯ ವರ್ಷ. ದೇವರ ಒಳ್ಳೆಯ ಯೋಚನೆ ಆ ಕಮ್ಮಾರನಿಗೆ ತಲುಪಿದ ರೀತಿ ಇದು: ಅವನು ಪರದೇಶದಲ್ಲಿ ಮನೆ ಕಟ್ಟಿದ, ಮಗಳ ಮದುವೆ ಮಾಡಿದ, ಅವಳ ಮಕ್ಕಳು ಅವನು ಕಾಣದ ದಿನವನ್ನು ಕಂಡರು.

'ವಾಗ್ದಾನ' ಎಂಬ ಪದಕ್ಕೆ ಸಂಸ್ಕೃತದಲ್ಲಿ ಮದುವೆಯ ನಿಶ್ಚಯ ಎಂಬ ಅರ್ಥವೂ ಉಂಟು, ಹೆಣ್ಣು ಕೊಡುತ್ತೇವೆಂದು ಮಾತು ಕೊಡುವುದು. ಇಬ್ರಿಯ ಭಾಷೆಯಲ್ಲಿ ವಾಗ್ದಾನಕ್ಕೆಂದೇ ಪ್ರತ್ಯೇಕ ಶಬ್ದವಿಲ್ಲ. ದೇವರು ಹೇಳಿದ, ಮಾತಾಡಿದ ಎನ್ನುತ್ತದೆ ಅಷ್ಟೆ. ಹಾಗಿರುವಾಗ ನಮ್ಮ ಪದ ಇನ್ನೂ ಆಳಕ್ಕೆ ಇಳಿಯುತ್ತದೆ ಎಂದು ನನ್ನ ಭಾವನೆ. ನಿಶ್ಚಯದ ಮಾತು ಎರಡು ಮನೆಗಳನ್ನು ಕಟ್ಟುತ್ತದೆ. ಕೊಟ್ಟವರೂ ಕಾಯಬೇಕು, ಪಡೆದವರೂ ಕಾಯಬೇಕು, ನಡುವೆ ಮಾಡಬೇಕಾದ ಕೆಲಸ ಬೆಟ್ಟದಷ್ಟಿರುತ್ತದೆ.

ಈ ಪತ್ರದ ಹಿಂದಿನ ಅಧ್ಯಾಯ ಓದಿದಾಗ ನನಗೆ ಮೈ ನಡುಗಿತ್ತು. ಅಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಯೆರೆಮೀಯ ಕೊರಳಿಗೆ ಮರದ ನೊಗ ಹೊತ್ತು ತಿರುಗುತ್ತಿದ್ದ ಕಾಲ, ಬಾಬೆಲಿನ ಅಧೀನತೆ ತಪ್ಪದು ಎಂಬುದರ ಗುರುತಾಗಿ. ದೇವಾಲಯದಲ್ಲಿ ಯಾಜಕರ, ಜನರ ಎದುರು ಹನನ್ಯ ಸಾರುತ್ತಾನೆ: ಇನ್ನು ಎರಡೇ ವರ್ಷ, ಬಾಬೆಲಿನ ನೊಗ ಮುರಿಯುತ್ತದೆ, ದೇವಾಲಯದಿಂದ ಒಯ್ದ ಪಾತ್ರೆಗಳೂ ಸೆರೆಹೋದವರೂ ಮರಳುತ್ತಾರೆ. ದೇವರ ಹೆಸರಿನಲ್ಲೇ ಹೇಳುತ್ತಾನೆ, ಪ್ರವಾದಿಗಳ ಮಾತಿನ ಧಾಟಿಯಲ್ಲೇ ಹೇಳುತ್ತಾನೆ. ಯೆರೆಮೀಯನ ಮೊದಲ ಉತ್ತರ ಆಮೆನ್. ಹಾಗೆಯೇ ಆಗಲಿ, ದೇವರು ಹಾಗೆ ಮಾಡಲಿ ಎನ್ನುತ್ತಾನೆ. ಅವನಿಗೂ ಅದೇ ಆಸೆ. ಅವನೂ ಆ ಮಣ್ಣಿನವನೇ. ಆದರೂ ಸಮಾಧಾನ ಸಾರುವ ಪ್ರವಾದಿಯ ಮಾತನ್ನು ಅದು ನೆರವೇರಿದಾಗ ಮಾತ್ರ ಒಪ್ಪಬೇಕು ಎಂದು ಸೇರಿಸುತ್ತಾನೆ. ಹನನ್ಯ ಅವನ ಕೊರಳಿನ ನೊಗವನ್ನು ಕಿತ್ತು ಮುರಿಯುತ್ತಾನೆ. ಯೆರೆಮೀಯ ವಾದಕ್ಕೆ ನಿಲ್ಲದೆ ಹೊರಟುಹೋಗುತ್ತಾನೆ. ಆಮೇಲೆ ಬರುವ ಮಾತು: ಮರದ ನೊಗ ಮುರಿದೆ, ಅದರ ಬದಲು ಕಬ್ಬಿಣದ ನೊಗ ತಂದೆ. ಎರಡು ತಿಂಗಳಲ್ಲಿ ಹನನ್ಯ ಸಾಯುತ್ತಾನೆ.

ಎರಡು ವರ್ಷ ಎಂದವನು ಹನನ್ಯ, ಎಪ್ಪತ್ತು ಎಂದವನು ಯೆರೆಮೀಯ. ಹನ್ನೊಂದನೆಯ ವಚನವನ್ನು ಪತ್ರದಿಂದ ಕತ್ತರಿಸಿ, ಎಪ್ಪತ್ತನ್ನು ಅಳಿಸಿ, ಈ ವರ್ಷ ನಿನಗೆ ಒಳ್ಳೆಯದಾಗುತ್ತದೆ ಎಂದು ಕೈಗಿಟ್ಟರೆ ಬಾಯಿ ಯೆರೆಮೀಯನದು, ಮಾತು ಹನನ್ಯನದು. ಯಾವ ಸಿಹಿಮಾತಿನ ವಿರುದ್ಧ ಆ ಕಾಗದ ಬರೆಯಲಾಯಿತೋ ಅದೇ ಸಿಹಿಮಾತಿಗೆ ನಾವು ಅದನ್ನು ಪುರಾವೆಯಾಗಿ ಬಳಸುತ್ತಿದ್ದೇವೆ. ನನ್ನ ಆಕ್ಷೇಪದ ಪೂರ್ತಿ ಭಾರ ಇಲ್ಲಿದೆ. ಸಂದರ್ಭ ಗೊತ್ತಿಲ್ಲದಿದ್ದರೆ ಅರ್ಥ ಸ್ವಲ್ಪ ತೆಳುವಾಗುತ್ತದೆ, ಅಷ್ಟೇ ತಾನೆ ಎನ್ನುವವರಿದ್ದಾರೆ. ಇಲ್ಲಿ ಅರ್ಥ ತಲೆಕೆಳಗಾಗಿದೆ. ತಲೆಕೆಳಗಾದ ಅರ್ಥ ಗಂಡನನ್ನು ಕಳೆದುಕೊಂಡ ಹೆಂಗಸಿನ ತಲೆಯ ಮೇಲೆ ಕಬ್ಬಿಣದ ನೊಗವಾಗಿ ಕೂತಿತು.

ಕನ್ನಡದಲ್ಲಿ ಓದುವವರಿಗೆ ಈ ತಪ್ಪಿಂದ ಪಾರಾಗಲು ಒಂದು ಅನುಕೂಲವೂ ಇದೆ. ಇಂಗ್ಲಿಷಿನಲ್ಲಿ ಒಬ್ಬನಿಗೂ ಹಲವರಿಗೂ ಒಂದೇ ಸರ್ವನಾಮ. ಅಲ್ಲಿನ ಓದುಗ ಈ ವಚನ ತನ್ನೊಬ್ಬನಿಗೇ ಎಂದುಕೊಂಡರೆ ವ್ಯಾಕರಣ ಅವನನ್ನು ತಡೆಯುವುದಿಲ್ಲ. ಇಬ್ರಿಯ ಮೂಲದಲ್ಲಿರುವುದು ಬಹುವಚನ. ನಮ್ಮ ಸತ್ಯವೇದದಲ್ಲೂ 'ನಿಮ್ಮ' ಎಂದೇ ಇದೆ. ದಿನಬಳಕೆಯಲ್ಲಿ 'ನೀವು' ಮರ್ಯಾದೆಯ ಮಾತೂ ಆಗಿರುವುದರಿಂದ ಕಾರ್ಡು ಹಿಡಿದವರು ಅದನ್ನು ತಮ್ಮೊಬ್ಬರಿಗೆ ಸಂದ ಗೌರವವೆಂದು ಕೇಳಿಸಿಕೊಳ್ಳುತ್ತಾರೇನೋ. ಆದರೆ ಕನ್ನಡ ಸತ್ಯವೇದದಲ್ಲಿ ದೇವರು ಒಬ್ಬ ಮನುಷ್ಯನೊಡನೆ ಮಾತಾಡುವಾಗ 'ನೀನು' ಎನ್ನುತ್ತಾನೆ, ಅಬ್ರಹಾಮನಿಗೂ ಮೋಶೆಗೂ ಯೆರೆಮೀಯನಿಗೂ. ಅವನು 'ನೀವು' ಎಂದರೆ ಅದು ಜನ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ದೇವರ ಆಲಯವೆಂದು ಕರೆಸಿಕೊಳ್ಳುವುದೂ ಒಬ್ಬೊಬ್ಬರ ದೇಹವಲ್ಲ, ಪಂಗಡ ಕಟ್ಟಿ ಒಡೆಯುತ್ತಿದ್ದ ಇಡೀ ಸಭೆ. ಈ ಒಂದು ಅಕ್ಷರದ ವ್ಯತ್ಯಾಸವನ್ನು ಹಿಡಿಯಲು ಗ್ರೀಕ್ ಇಬ್ರಿಯ ಬೇಕಿಲ್ಲ, ಮನೆಯಲ್ಲಿ ಮಾತಾಡುವ ಕನ್ನಡ ಸಾಕು.

ಇನ್ನೊಂದು ಸೂಕ್ಷ್ಮಕ್ಕೆ ಮಾತ್ರ ಮೂಲದ ನೆರವು ಬೇಕು. ಹನ್ನೊಂದನೆಯ ವಚನದಲ್ಲಿ ಒಳಿತು ಎಂಬಲ್ಲಿ ಇರುವ ಇಬ್ರಿಯ ಶಬ್ದ ಶಾಲೋಮ್. ಏಳನೆಯ ವಚನದಲ್ಲಿ ಆ ಶತ್ರುಪಟ್ಟಣದ ಕ್ಷೇಮ ಹುಡುಕಿ ಎನ್ನುವಾಗಲೂ ಅದೇ ಶಾಲೋಮ್, ಒಂದೇ ವಚನದಲ್ಲಿ ಮೂರು ಸಲ. ನಿಮಗಾಗಿ ನಾನು ಇಟ್ಟಿರುವ ಶಾಲೋಮ್ ಬೇರೆ, ಬಾಬೆಲಿನ ಬೀದಿಯ ಶಾಲೋಮ್ ಬೇರೆ ಎಂದು ಪತ್ರ ಹೇಳುವುದಿಲ್ಲ. ಪಕ್ಕದ ಮನೆಯವನ ದೇವರು ಬೇರೆ, ಭಾಷೆ ಬೇರೆ, ಅವನ ಅರಸ ನಮ್ಮ ಮನೆ ಸುಟ್ಟವನು. ಅವನ ಮನೆಯ ನೆಮ್ಮದಿಯೊಳಗೇ ನಿಮ್ಮದಿದೆ ಎನ್ನುತ್ತದೆ. ಹನ್ನೊಂದನ್ನು ಇಟ್ಟುಕೊಂಡು ಏಳನ್ನು ಬಿಟ್ಟರೆ ಶಾಲೋಮಿನ ಬೇರನ್ನೇ ಕಡಿದಂತೆ.

ಆ ಜನ ಪತ್ರದ ಮಾತು ಕೇಳಿದರೇ? ಮೆಸಪೊಟೇಮಿಯದ ಮಣ್ಣು ಒಂದಿಷ್ಟು ಸಾಕ್ಷಿ ಉಳಿಸಿದೆ. ನಿಪ್ಪೂರಿನ ಸುತ್ತಿನ ಪ್ರದೇಶದಲ್ಲಿ 'ಅಲ್-ಯಾಹೂದು', ಅಂದರೆ ಯೆಹೂದದ ಊರು, ಎಂಬ ಹೆಸರಿನ ನೆಲೆಯೊಂದಿತ್ತು. ಅದಕ್ಕೂ ಅದರ ನೆರೆಹೊರೆಗೂ ಸಂಬಂಧಿಸಿದ ಸುಮಾರು 100 ಜೇಡಿಮಣ್ಣಿನ ಫಲಕಗಳು 2014ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದವು. ಅತಿ ಹಳೆಯದು ಕ್ರಿಸ್ತಪೂರ್ವ 572ರದು. ಬಾರ್ಲಿ, ಖರ್ಜೂರ, ಗೇಣಿ, ತೆರಿಗೆ, ಸಾಲದ ಕರಾರುಗಳು. ನಡುನಡುವೆ ಯೆಹೋವನ ಹೆಸರು ಬೆರೆತ ಮನುಷ್ಯರ ಹೆಸರುಗಳು. ಪವಾಡದ ಸಾಕ್ಷಿ ಒಂದೂ ಇಲ್ಲ. ತೋಟ ಹಾಕಿದವರ ಲೆಕ್ಕಪತ್ರವಿದೆ.

ಈಗ ಎದುರುವಾದ. ಒಂದೇ ವಚನ ಮನುಷ್ಯನನ್ನು ಬದಲಿಸಿದ ಉದಾಹರಣೆಗಳು ಕಡಿಮೆಯೇ? ಕಡಿಮೆಯಲ್ಲ, ಅವನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ಐಗುಪ್ತದ ಅಂತೋನಿ ಚರ್ಚಿನೊಳಗೆ ಕಾಲಿಟ್ಟಾಗ ಮತ್ತಾಯನ ಸುವಾರ್ತೆಯಿಂದ ಓದುತ್ತಿದ್ದರು, ಇರುವುದನ್ನು ಮಾರಿ ಬಡವರಿಗೆ ಕೊಡು ಎಂದು ಶ್ರೀಮಂತ ತರುಣನಿಗೆ ಯೇಸು ಹೇಳುವ ಭಾಗ. ಅಂತೋನಿ ಹಾಗೆಯೇ ಮಾಡಿದ. 386ರಲ್ಲಿ ಮಿಲಾನಿನ ತೋಟದಲ್ಲಿ ಅಗಸ್ಟೀನ್ ಪುಸ್ತಕ ತೆರೆದಾಗ ಕಣ್ಣಿಗೆ ಬಿದ್ದದ್ದು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಕೊನೆ. ಹಳೆಯ ಬಾಳು ಅಲ್ಲಿಗೆ ಮುಗಿಯಿತು. ಜರ್ಮನಿಯ ಡೀಟ್ರಿಶ್ ಬಾನ್‌ಹಾಫರ್ 1939ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದರು. ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಪೌಲ ತಿಮೊಥೆಯನನ್ನು ಕೇಳಿಕೊಳ್ಳುವ ಮಾತು ಆ ದಿನಗಳಲ್ಲಿ ಓದಿನಲ್ಲಿ ಎದುರಾದಾಗ ಅದನ್ನು ತನಗೆ ಹೇಳಿದ್ದೆಂದೇ ತೆಗೆದುಕೊಂಡರು. ಹಿಟ್ಲರನ ಜರ್ಮನಿಗೆ ಮರಳಿದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು.

ಈ ಮೂವರ ವಚನಗಳನ್ನು ನಮ್ಮ ತಟ್ಟೆಯ ಕಾರ್ಡುಗಳ ಪಕ್ಕದಲ್ಲಿಟ್ಟು ನೋಡಿ. ಮೂರೂ ಬೇಡುವ ವಚನಗಳು. ಮಾರು, ಬಿಡು, ಬಾ. ಒಂದೂ ಅವರಿಗೆ ಈ ಲೋಕದ ಏನನ್ನೂ ತಂದುಕೊಡುವ ಮಾತಾಡಲಿಲ್ಲ. ಅಂಥ ವಚನ ನಮ್ಮ ತಟ್ಟೆಯಲ್ಲಿ ಇರುವುದೇ ಇಲ್ಲ, ಮುದ್ರಣಕ್ಕೆ ಹೋಗುವ ಮೊದಲೇ ಅವನ್ನು ಆರಿಸಿ ತೆಗೆದಿರುತ್ತಾರೆ. ಇನ್ನೂ ಒಂದು ಮಾತು. ಅದೇ ಅಗಸ್ಟೀನ್ ಮುಂದೆ ಯನುವಾರಿಯನಿಗೆ ಬರೆದ ಪತ್ರದಲ್ಲಿ, ಸುವಾರ್ತೆಯ ಪುಟ ತೆರೆದು ಲೌಕಿಕ ವ್ಯವಹಾರಕ್ಕೆ ಶಕುನ ಕೇಳುವ ಪದ್ಧತಿ ತನಗೆ ಹಿಡಿಸದು ಎಂದಿದ್ದಾನೆ. ಅದೇ ಬಾನ್‌ಹಾಫರ್ ಕ್ರೈಸ್ತ ಸಹಬಾಳ್ವೆಯ ಬಗ್ಗೆ ಬರೆದ ಪುಸ್ತಕದಲ್ಲಿ, ದಿನದ ವಚನ ಎಷ್ಟೇ ಪ್ರಿಯವಾದರೂ ಇಡೀ ಗ್ರಂಥದ ಓದಿನ ಜಾಗಕ್ಕೆ ಅದು ಬರಲಾರದು, ಮನೆಮಂದಿ ಕೂಡಿ ದೀರ್ಘ ಭಾಗಗಳನ್ನು ಸಾಲಾಗಿ ಓದಬೇಕು ಎಂದು ವಾದಿಸುತ್ತಾರೆ.

ಬಾನ್‌ಹಾಫರ್ ಓದುತ್ತಿದ್ದ ದಿನವಚನದ ಕೈಪಿಡಿಯ ಹುಟ್ಟನ್ನೂ ಹೇಳಬೇಕು, ನಮ್ಮ ಕಾರ್ಡುಗಳ ಹಿರಿಯಜ್ಜ ಅಲ್ಲಿದ್ದಾನೆ. ಮೊರಾವಿಯದಿಂದ ನಂಬಿಕೆಯ ಕಾರಣಕ್ಕೆ ಓಡಿಬಂದ ನಿರಾಶ್ರಿತರು ಸ್ಯಾಕ್ಸನಿಯಲ್ಲಿ ಜಮೀನ್ದಾರ ಜಿನ್‌ಜೆನ್‌ಡಾರ್ಫ್‌ನ ನೆಲದಲ್ಲಿ ಹೆರ್ನ್‌ಹುಟ್ ಎಂಬ ಊರು ಕಟ್ಟಿಕೊಂಡಿದ್ದರು. 1728ರ ಮೇ ತಿಂಗಳಲ್ಲಿ ಅವನು ಸಭೆಗೆ ಮರುದಿನಕ್ಕೆಂದು ಒಂದು ವಾಕ್ಯ ಕೊಟ್ಟ. ಅಲ್ಲಿಂದ ದಿನವೂ ಒಂದು ವಾಕ್ಯ ಊರಿನ ಮನೆಮನೆಗೆ ಹೋಗತೊಡಗಿತು. 1731ರಿಂದ ಅಚ್ಚಾಗುತ್ತಾ ಬಂದಿದೆ. ಆರಂಭದಲ್ಲಿ ಅದನ್ನು ಕಾಗದ ಒಯ್ಯಲಿಲ್ಲ, ಮನುಷ್ಯರು ಒಯ್ದರು. ಬಾಗಿಲಲ್ಲಿ ನಿಂತು ವಾಕ್ಯ ಹೇಳಿ, ಮನೆಯವರು ಹೇಗಿದ್ದಾರೆ, ಯಾರಿಗೆ ಕಾಯಿಲೆ, ಯಾರಿಗೆ ಕೊರತೆ ಎಂದು ವಿಚಾರಿಸಿ, ಅದನ್ನು ಸಭೆಗೆ ತಿಳಿಸುತ್ತಿದ್ದರು. ಒಂದೇ ವಾಕ್ಯ ಇಡೀ ಊರಿಗೆ. ಇಂದು ನಾನೂರು ಮಂದಿ ಸಭೆಯಲ್ಲಿ ನಾನೂರು ಬೇರೆ ಬೇರೆ ವಾಗ್ದಾನ, ಅವರವರದು ಅವರವರ ಪರ್ಸಿನಲ್ಲಿ. ಪದ್ಧತಿಯ ಮೈ ಉಳಿಯಿತು, ಬಾಗಿಲು ತಟ್ಟುವ ಕೈ ಮರೆಯಾಯಿತು.

ಈ ಒಡೆಯುವಿಕೆಗೆ ಅಚ್ಚಿನ ತಾಂತ್ರಿಕತೆಯೂ ನೆರವಾಗಿದೆ. ಪೌಲ ಬರೆದಾಗ ವಚನಸಂಖ್ಯೆ ಎಂಬುದಿರಲಿಲ್ಲ. ಹೊಸ ಒಡಂಬಡಿಕೆಗೆ ಇಂದಿನ ಸಂಖ್ಯೆಗಳನ್ನು ಹಾಕಿ ಅಚ್ಚು ಹಾಕಿದವರು ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಹುಡುಕಲು ಅದರಷ್ಟು ಅನುಕೂಲ ಇನ್ನೊಂದಿಲ್ಲ. ಕ್ರಮೇಣ ಸಂಖ್ಯೆಯೇ ಅಳತೆಯಾಯಿತು, ಸಂಖ್ಯೆ ಬಿದ್ದಲ್ಲಿ ಮಾತು ಮುಗಿಯಿತು ಎಂಬ ಭ್ರಮೆ ಹುಟ್ಟಿತು. ಫಿಲಿಪ್ಪಿಯವರಿಗೆ 4:13 ಅನ್ನು ನೋಡಿ. ಬಲಪಡಿಸುವಾತನಿಂದ ತನಗೆ ಎಲ್ಲವೂ ಸಾಧ್ಯ ಎಂಬ ಅರ್ಥದ ಆ ವಚನ ಪರೀಕ್ಷೆಯ ಹಾಲ್‌ಟಿಕೆಟ್‌ ಮೇಲೂ ಜಿಮ್ಮಿನ ಗೋಡೆಯ ಮೇಲೂ ಸಿಗುತ್ತದೆ. ಪೌಲ ಅದನ್ನು ಬರೆದದ್ದು ಸೆರೆಯಿಂದ. ಹಸಿದಿರುವುದೂ ಗೊತ್ತು, ಉಂಡಿರುವುದೂ ಗೊತ್ತು ಎಂಬ ಮಾತಿನ ಕೊನೆ ಅದು. ಅದರ ಮುಂದಿನ ವಾಕ್ಯದಲ್ಲೇ, ಆದರೂ ನನ್ನ ಕಷ್ಟದಲ್ಲಿ ನೀವು ಪಾಲುಗೊಂಡದ್ದು ಒಳ್ಳೆಯದಾಯಿತು ಎಂದು ಎಪಫ್ರೊದೀತನ ಕೈಯಲ್ಲಿ ಬಂದ ನೆರವನ್ನು ನೆನೆಯುತ್ತಾನೆ. ಒಬ್ಬನ ಬಲದ ಘೋಷಣೆ ಎಂದು ನಾವು ಓದುವ ಮಾತು ನಿಜವಾಗಿ ಹಣ ಕಳಿಸಿದವರಿಗೆ ಬರೆದ ಕೃತಜ್ಞತೆಯ ಕಾಗದದ ನಡುವಿನದು.

ಓದು ಪಾದ್ರಿಗಳ ಕೆಲಸ, ಹೆಂಗಸರಿಗೆ ಬಡವರಿಗೆ ವಚನ ಸಾಕು ಎಂಬ ಮಾತು ನನಗೆ ಎಲ್ಲಕ್ಕಿಂತ ನೋವು ಕೊಡುತ್ತದೆ. ಕರುಣೆಯ ವೇಷದಲ್ಲಿ ಬರುವ ಆ ಮಾತು ಜನರನ್ನು ಕೀಳಾಗಿ ಕಾಣುತ್ತದೆ. 1858ರಲ್ಲಿ ನಮ್ಮ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಅದಕ್ಕೆ ಬಾಳಿಡೀ ಉತ್ತರ ಕೊಟ್ಟರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದ ಅನಂತಶಾಸ್ತ್ರಿಗಳ ಮಗಳು ಅವರು. ಇಂಗ್ಲೆಂಡಿಗೆ ಹೋದಾಗ ಸಮಾಜ ದೂರವಿಟ್ಟ ಹೆಂಗಸರಿಗೆ ಕ್ರೈಸ್ತ ಸೋದರಿಯರು ನಡೆಸುತ್ತಿದ್ದ ಆಶ್ರಯವನ್ನು ಫುಲ್ಹಮ್‌ನಲ್ಲಿ ಕಂಡರು. ಹೀಗೇಕೆ ಮಾಡುತ್ತೀರಿ ಎಂದು ಕೇಳಿದಾಗ ಸೋದರಿಯೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಆಡಿದ ಮಾತುಕತೆ, ಪೂರ್ತಿ ಓದಿ ಹೇಳಿದರು. ರಮಾಬಾಯಿ 1883ರಲ್ಲಿ ದೀಕ್ಷಾಸ್ನಾನ ಪಡೆದರು. ಆ ಅಧ್ಯಾಯ ಅವರ ಕೈಯಲ್ಲಿ ಕಾರ್ಡಾಗಲಿಲ್ಲ. 1889ರಲ್ಲಿ ಮುಂಬಯಿಯ ಶಾರದಾ ಸದನವಾಯಿತು, ಬರಗಾಲದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡ ಕೇಡ್‌ಗಾಂವಿನ ಮುಕ್ತಿ ಆಶ್ರಮವಾಯಿತು. ತನ್ನನ್ನು ತಿದ್ದಲು ಬಂದ ಆಂಗ್ಲಿಕನ್ ಹಿರಿಯರ ಎದುರು, ಗ್ರಂಥವನ್ನು ನಾನೇ ಓದಿ ತಿಳಿಯುತ್ತೇನೆಂಬ ಹಟ ಬಿಡಲಿಲ್ಲ. ಇಬ್ರಿಯ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಓದುಬರಹ ಅಷ್ಟಾಗಿ ಇಲ್ಲದ ಹೆಂಗಸರಿಗೂ ದಕ್ಕುವ ಸರಳ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವ ಮುನ್ನ ಆ ಕೆಲಸ ಮುಗಿಸಿದ್ದರು. ಆಶ್ರಮದ ಹೆಂಗಸರೇ ಮೊಳೆ ಜೋಡಿಸಿ ಅಚ್ಚು ಹಾಕಿದರು. ಅಧ್ಯಯನ ಎಲ್ಲಿ ಮುಗಿದು ಅನ್ವಯ ಎಲ್ಲಿ ಶುರುವಾಯಿತು ಎಂದು ಆ ಬಾಳಿನಲ್ಲಿ ಗೆರೆ ಎಳೆಯಲು ನನಗೆ ಸಾಧ್ಯವಾಗಿಲ್ಲ.

ಕನ್ನಡದಲ್ಲೂ ಇಡೀ ಗ್ರಂಥ ನಮ್ಮ ಕೈಗೆ ಸಲೀಸಾಗಿ ಬಂದದ್ದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್‌ರಿಂದ ಹಿಡಿದು ಬಾಸೆಲ್ ಮಿಷನ್ನಿನ ವೈಗ್ಲೆಯವರ ಪರಿಷ್ಕರಣದವರೆಗೆ, ಜೊತೆಗೆ ಹೆಸರು ಉಳಿಯದ ಎಷ್ಟೋ ಮುನ್ಷಿಗಳು, ದಶಕಗಟ್ಟಲೆ ಒಂದೊಂದು ಪದಕ್ಕೆ ತಡಕಾಡಿದರು. ಅವರು ಆದಿಕಾಂಡದಿಂದ ಪ್ರಕಟನೆಯವರೆಗೆ ಪೂರ್ತಿ ಕೊಟ್ಟರು.

ನಮ್ಮ ಕಡೆಯ ಒಂದು ಮನೆಯ ಅಧ್ಯಯನಕೂಟದಲ್ಲಿ ಈ ಪತ್ರವನ್ನು ನಾಲ್ಕು ಗುರುವಾರ ಓದಿದೆವು. ಹನ್ನೆರಡು ಹದಿಮೂರು ಜನ. ಮೊದಲ ವಾರ ಬರೀ ಗಟ್ಟಿಯಾಗಿ ಓದಿದ್ದು, 27ರಿಂದ 29ರವರೆಗೆ ಮೂರು ಅಧ್ಯಾಯ. ಎರಡನೆಯ ವಾರ, ಯಾರು ಯಾರಿಗೆ ಸಿಟ್ಟಾಗಿದ್ದಾರೆ ಎಂದು ಪಟ್ಟಿ ಮಾಡಿದೆವು. ಪತ್ರ ತಲುಪಿದ ಮೇಲೆ ಬಾಬೆಲಿನಿಂದ ಶೆಮಾಯ ಎಂಬವನು, ಆ ಹುಚ್ಚನ ಬಾಯಿ ಏಕೆ ಮುಚ್ಚಿಸಿಲ್ಲ ಎಂದು ಯೆರೂಸಲೇಮಿನ ಯಾಜಕನಿಗೆ ದೂರು ಬರೆದದ್ದು ಆಗಷ್ಟೇ ಎಲ್ಲರ ಗಮನಕ್ಕೆ ಬಂತು. ಅನ್ವಯ ಏನು ಎಂದು ಯಾರೂ ಕೇಳಲಿಲ್ಲ. ಮೂರನೆಯ ವಾರ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸೊಬ್ಬಳು, ಹಾಸನದ ಕಡೆಯವಳು, ಐದನೆಯ ವಚನದ ಮೇಲೆ ಬೆರಳಿಟ್ಟುಕೊಂಡೇ ಮಾತಾಡಿದಳು. 'ಹದಿನಾಲ್ಕು ವರ್ಷ ಆಯ್ತು ನಾವು ಈ ಊರಿಗೆ ಬಂದು. ಇವತ್ತಿಗೂ ನಮ್ಮೂರು ಅಂದ್ರೆ ಅದೇ. ಇಲ್ಲಿ ಓಟರ್ ಲಿಸ್ಟಲ್ಲಿ ಹೆಸರೂ ಸೇರಿಸಿಲ್ಲ. ಬೀದಿಲಿ ನೀರು ಬರದಿದ್ರೆ ನಮಗ್ಯಾಕೆ, ಇವತ್ತೋ ನಾಳೆಯೋ ಹೋಗೋರು ಅಂತ ಸುಮ್ನಿರ್ತೀವಿ.' ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಕೋಣೆಯಲ್ಲಿದ್ದವರಲ್ಲಿ ಅರ್ಧ ಜನ ಬಾಡಿಗೆ ಮನೆಯವರು, ಎರಡು ವರ್ಷದಲ್ಲಿ ಮರಳುತ್ತೇವೆಂದು ಬಂದು ಉಳಿದುಹೋದವರು. ಮುಂದಿನ ತಿಂಗಳು ಅವಳೂ ಅವಳ ಗಂಡನೂ ಪಟ್ಟಿಗೆ ಹೆಸರು ಕೊಟ್ಟರು. ಬೀದಿಯ ನೀರಿನ ಅರ್ಜಿಗೆ ಅವಳು ಎದುರುಮನೆಯ ಮುಸ್ಲಿಂ ಹೆಂಗಸಿನ ಜೊತೆ ಸಹಿ ಸಂಗ್ರಹಿಸಿದಳು. ಇದು ದೊಡ್ಡ ಸಂಗತಿಯೆಂದು ನಾನು ಹೇಳುತ್ತಿಲ್ಲ. ಏಳನೆಯ ವಚನ ಒಂದು ಬೀದಿಗೆ ಇಳಿದದ್ದನ್ನು ಕಣ್ಣಾರೆ ಕಂಡೆ.

ನಾಲ್ಕನೆಯ ಗುರುವಾರ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವಳು ಕೊನೆಯವರೆಗೂ ಬಾಯಿ ತೆರೆಯಲಿಲ್ಲ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ತಾನೇ ಅಧ್ಯಾಯವನ್ನು ಮತ್ತೊಮ್ಮೆ ಓದಿದಳು, ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ. ಹತ್ತನೆಯ ವಚನದಲ್ಲಿ ನಿಂತಳು.

'ಎಪ್ಪತ್ತು ವರ್ಷ ಅಂತ ಇದೆಯಲ್ಲ ಮಗಾ, ಹಿಂದಿನ ಸಾಲಲ್ಲೇ ಇದೆ' ಎಂದಳು. 'ಕಾರ್ಡಲ್ಲಿ ಇರ್ಲಿಲ್ಲ. ಇದ್ದಿದ್ರೆ ನಾನು ನನ್ನ ಮೇಲೆ ತಪ್ಪು ಹೊರಿಸ್ಕೊಳ್ತಿರ್ಲಿಲ್ಲ.'

ಆಮೇಲೆ ಪುಟ ಹಿಂದಕ್ಕೆ ತಿರುವಿ, ಕಾಗದ ಹೊತ್ತುಹೋದ ಇಬ್ಬರ ಹೆಸರನ್ನು ಬೆರಳಿಟ್ಟು ಹುಡುಕಿದಳು. 'ಅಷ್ಟು ದೂರ ತಗೊಂಡು ಹೋದೋರು, ದಾರೀಲಿ ಇದನ್ನ ಓದಿರ್ತಾರಾ?'